ಹನ್ನೊಂದು ಮಿಸ್‌ಕಾಲ್ ಮತ್ತು ಒಂದು ಹಳ್ಳ

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ದಿನಾ ಮಧ್ಯಾಹ್ನ ಒಂದು ಎಚ್ಚರಿಕೆ ಬರುತ್ತದೆ. ಕಲಬುರಗಿ ಜಿಲ್ಲೆಯ ಅಲ್ಲಲ್ಲಿ ಮುಂದಿನ ಮೂರು ಗಂಟೆಗಳಲ್ಲಿ ಗುಡುಗು, ಸಿಡಿಲು ಸಹಿತ ಮಳೆ. ಈ ‘ಅಲ್ಲಲ್ಲಿ’ ಎಂಬುದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಅದರ ನೆರಳಿನಲ್ಲಿ ನಾನು ಒಂದು ಬೇಸಿಗೆ ರಜೆಯ ಮುಕ್ಕಾಲು ಭಾಗವನ್ನು ಫ್ಯಾನಿನ ಕೆಳಗೆ ಮಲಗಿ ಕಳೆದಿದ್ದೇನೆ. ಉಳಿದ ಕಾಲು ಭಾಗದಲ್ಲಿ ಏನಾಯಿತು ಎಂಬುದನ್ನು ಹೇಳಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಆಳಂದ ತಾಲೂಕಿನಲ್ಲಿ, ನರೋಣಾದಿಂದ ಸ್ವಲ್ಪ ಒಳಗಿರುವ ಒಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದೇ ನನ್ನ ಗಂಡನ ಮನೆಯ ಊರೂ ಹೌದು. ಗಂಡನ ಕೆಲಸ ಅಫಜಲಪುರದಲ್ಲಿ, ಶನಿವಾರ ಬಂದು ಸೋಮವಾರ ಹೋಗುವವರು. ಹೀಗಾಗಿ ಮನೆಯಲ್ಲಿ ವಾರಪೂರ್ತಿ ಇರುವವರು ನಾನು ಮತ್ತು ನನ್ನ ಅತ್ತೆ. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಒಂದು ಡಬ್ಬಿ ಇದೆ. ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ಎಷ್ಟು ನೀರಿದೆ ಎಂದು ನೋಡಿ ಬರೆದು ಕಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ವರ್ಷದ ಮುನ್ನೂರು ದಿನ ಅದರಲ್ಲಿ ನೀರಿರುವುದಿಲ್ಲ, ಒಂದೆರಡು ಇರುವೆ ಇರುತ್ತವೆ. ಆದರೆ ಡಬ್ಬಿಯ ಕೀಲಿಕೈ ನನ್ನ ಕೈಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಊರವರು ನನ್ನನ್ನು ‘ಮಳಿ ಬಾಯಿ’, ಅಂದರೆ ಮಳೆಯಮ್ಮ, ಎನ್ನುತ್ತಾರೆ. ಮಳೆ ಬರದಿದ್ದರೂ ನನ್ನನ್ನೇ ಕೇಳುತ್ತಾರೆ, ಬಂದು ತೊಗರಿ ತೊಯ್ದರೂ ನನ್ನನ್ನೇ ಬೈಯುತ್ತಾರೆ.

ಅತ್ತೆಗೆ ಈ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ. ಹೊರಗೆ ಮಾತ್ರ, “ನಮ್ಮ ಟೀಚರ್ ಬಾಯಿಗಿ ಮೋಡದ ಲೆಕ್ಕ ಗೊತ್ತದ, ಸಾರಿಗಿ ಉಪ್ಪಿನ ಲೆಕ್ಕ ಗೊತ್ತಿಲ್ಲ” ಎಂದು ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದರು.

ಈಗ ಕುರಡಿಗಿಯ ವಿಷಯಕ್ಕೆ ಬರಬೇಕು. ಕುರಡಿಗಿ ತಿಂದವರಿಗೆ ಅದು ಎಣ್ಣೆಗೆ ಹಾಕಿದೊಡನೆ ಬೆಳ್ಳಗೆ ಅರಳುವ ಸಂಡಿಗೆ, ಅಷ್ಟೇ. ಮಾಡಿದವರಿಗೆ ಅದೊಂದು ಸಜೆ. ಗೋಧಿಯನ್ನು ಮೂರು ದಿನ ನೆನೆಹಾಕಬೇಕು. ದಿನಾ ನೀರು ಬದಲಿಸಬೇಕು. ಮೂರನೆಯ ದಿನ ಅದು ಬಿಡುವ ಹುಳಿ ವಾಸನೆಗೆ ಮನೆಯ ಬೆಕ್ಕು ಕೂಡ ಪಕ್ಕದ ಮನೆಗೆ ಹೋಗುತ್ತದೆ. ಆಮೇಲೆ ರುಬ್ಬಿ, ಹಿಂಡಿ, ಹಾಲು ತೆಗೆದು, ಬೆಳಕು ಹರಿಯುವ ಮೊದಲೇ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಗಂಟಾಗದಂತೆ ತಿರುವಿ, ಬಿಸಿ ಆರುವ ಮೊದಲೇ ಮಾಳಿಗೆಗೆ ಹೊತ್ತು, ಅಚ್ಚಿಗೆ ತುಂಬಿ ಒತ್ತಬೇಕು. ಒತ್ತುವುದಕ್ಕೆ ತೋಳಿನಲ್ಲಿ ಪೈಲ್ವಾನನ ಬಲ ಬೇಕು. ಆಮೇಲೆ ಎರಡು ದಿನ ಖಡಕ್ ಬಿಸಿಲು. ನಡುವೆ ನಾಲ್ಕು ಹನಿ ಬಿದ್ದರೆ ಮುಗಿಯಿತು, ಐದು ದಿನದ ಕೆಲಸ ಅಂಟಂಟು ಗಂಜಿಯಾಗಿ ಮಾಳಿಗೆಯ ತೂಬಿನಿಂದ ಇಳಿದು ಹೋಗುತ್ತದೆ.

ಅಂದರೆ ಕುರಡಿಗಿ ಮಾಡುವವರಿಗೆ ಇವತ್ತಿನ ಮಳೆ ಗೊತ್ತಿದ್ದರೆ ಸಾಲದು, ಐದು ದಿನ ಮುಂದಿನದು ಗೊತ್ತಿರಬೇಕು. ಮನೆಯಲ್ಲೇ ಮಳಿ ಬಾಯಿ ಇರುವಾಗ ಅತ್ತೆ ಇನ್ಯಾರನ್ನು ಕೇಳಬೇಕು?

“ಏನವ್ವಾ, ಗೋಧಿ ನೆನಿ ಹಾಕ್ಲೇನು?” ಎಂದು ರಜೆಯ ಮೊದಲ ದಿನವೇ ಕೇಳಿದರು.

ನಾನು ಫೋನ್ ತೆಗೆದು ಬಹಳ ಗಂಭೀರವಾಗಿ ನೋಡಿದೆ. “ಗುಡುಗು-ಮಳಿ ಅದ ಅಂತ ಬಂದದರಿ ಅತ್ತಿ.”

“ಎಲ್ಲಿ?”

“ಜಿಲ್ಲಾದಾಗ.”

ಸುಳ್ಳು ಹೇಳಲಿಲ್ಲ ನೋಡಿ. ಬಂದದ್ದನ್ನೇ ಓದಿದೆ. ಜಿಲ್ಲೆ ಎಷ್ಟು ದೊಡ್ಡದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾರನೆಯ ದಿನವೂ ಎಚ್ಚರಿಕೆ ಬಂತು, ಅದರ ಮಾರನೆಯ ದಿನವೂ ಬಂತು. ನಾನು ದಿನಾ ಓದಿದೆ. ಅತ್ತೆ ದಿನಾ ಗೋಧಿಯ ಡಬ್ಬಿಯ ಮುಚ್ಚಳ ತೆಗೆದು, ನಿಟ್ಟುಸಿರು ಬಿಟ್ಟು, ಮತ್ತೆ ಮುಚ್ಚಿದರು. ಹೊರಗೆ ಆಕಾಶ ತೊಳೆದಿಟ್ಟ ತಾಟಿನಂತೆ ಖಾಲಿ ಇತ್ತು.

ನಾಲ್ಕನೆಯ ದಿನ ಅವರು, “ಎಲ್ಲಿ ಬಂತವ್ವಾ ನಿನ್ನ ಮಳಿ?” ಎಂದಾಗ ನನಗೊಂದು ಉಪಾಯ ಹೊಳೆಯಿತು. ನನ್ನ ತವರು ಜೇವರ್ಗಿ ತಾಲೂಕಿನ ನೆಲೋಗಿ. ನಾದಿನಿಯನ್ನು ಕೊಟ್ಟದ್ದು ಅಫಜಲಪುರ ತಾಲೂಕಿನ ಕರಜಗಿಗೆ. ನಾವಿರುವುದು ಆಳಂದದ ಕಡೆ. ಇಷ್ಟು ಅಗಲದ ಬಲೆ ಬೀಸಿ ಕೂತರೆ ಬೇಸಿಗೆಯಲ್ಲಿ ಒಂದು ಮೂಲೆಯಲ್ಲಾದರೂ ನಾಲ್ಕು ಹನಿ ಸಿಕ್ಕೇ ಸಿಗುತ್ತವೆ. ದಿನಾ ಸಂಜೆ ಎರಡು ಕಡೆಗೂ ಫೋನ್ ಮಾಡಿ, “ಏನರೆ ಬಿತ್ತೇನು?” ಎಂದು ಕೇಳುವುದು, ಬಿದ್ದಿದ್ದರೆ ಅತ್ತೆಗೆ ಕೇಳುವಂತೆ, “ಹೌದಾ? ಆಣಿಕಲ್ಲೂ ಬಿದ್ವಾ? ಅಯ್ಯಯ್ಯ!” ಎಂದು ಕೂಗುವುದು. ಒಂದು ದಿನ ನೆಲೋಗಿ, ಇನ್ನೊಂದು ದಿನ ಕರಜಗಿ. ಒಮ್ಮೆ ಕರಜಗಿಯಲ್ಲಿ ಕಬ್ಬಿನ ಹೊಲಕ್ಕೆ ನೀರು ಬಿಟ್ಟದ್ದನ್ನೇ ನಾದಿನಿ ಹೇಳಿದಳು, ನಾನು ಮಳೆಯ ಲೆಕ್ಕಕ್ಕೆ ಹಾಕಿಕೊಂಡೆ. ನನ್ನ ಮುನ್ಸೂಚನೆ ಹೀಗೆ ಹದಿನೈದು ದಿನ ಒಂದೂ ತಪ್ಪಲಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇಂಥ ಯಶಸ್ಸು ಸಿಕ್ಕಿರಲಿಕ್ಕಿಲ್ಲ.

ನನ್ನ ಈ ರಾಜ್ಯಕ್ಕೆ ಒಬ್ಬರೇ ಶತ್ರು. ಅತ್ತೆಯ ಅಕ್ಕ, ನಾನು ದೊಡ್ಡತ್ತೆ ಎಂದು ಕರೆಯುವವರು.

ನಮ್ಮ ಊರಿನಿಂದ ಉತ್ತರಕ್ಕೆ ನೆಲ ಏರುತ್ತಾ ಹೋಗಿ ಕಲ್ಲುಗುಡ್ಡಗಳಾಗುತ್ತದೆ. ಮಲೆನಾಡಿನವರು ನೋಡಿದರೆ ಇದಕ್ಕೆ ಗುಡ್ಡ ಅಂತೀರಾ ಎಂದು ನಕ್ಕಾರು. ಆದರೆ ನೆಲೋಗಿಯ ಸಪಾಟು ಕರಿನೆಲದಲ್ಲಿ ಬೆಳೆದ ನನಗೆ ಅದು ಗುಡ್ಡವೇ. ದೊಡ್ಡತ್ತೆಯನ್ನು ಕೊಟ್ಟದ್ದು ಆ ಗುಡ್ಡದ ಬುಡದ ಊರಿಗೆ. ಅಲ್ಲಿ ಹುಟ್ಟುವ ಹಳ್ಳವೇ ಸುತ್ತಿ ಬಳಸಿ ನಮ್ಮ ಊರಿನ ಬದಿಗೆ ಬರುತ್ತದೆ. ಅಕ್ಕ ಮೇಲೆ, ತಂಗಿ ಕೆಳಗೆ, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ಬರೀ ಕಲ್ಲು ಮತ್ತು ಮರಳು. ಆದರೆ ಗುಡ್ಡದ ಮೇಲೆ ಮಣ್ಣಿಲ್ಲ, ಬಿದ್ದ ನೀರಿಗೆ ಇಂಗಲು ಜಾಗವಿಲ್ಲ. ಅಲ್ಲಿ ಬೇಸಿಗೆಯ ಒಂದು ಗಟ್ಟಿ ಅಡ್ಡಮಳೆ ಹೊಡೆದರೆ ನೀರೆಲ್ಲ ಒಟ್ಟಾಗಿ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಊರಿನಲ್ಲಿ ಬಿಸಿಲು ಸುಡುತ್ತಿರುವಾಗಲೇ ತಾಸು, ಒಂದೂವರೆ ತಾಸಿನಲ್ಲಿ ನೀರು ಇಲ್ಲಿ ಬಂದು ನಿಲ್ಲುತ್ತದೆ. ಇದನ್ನು ನಾನು ಒಂಬತ್ತನೆಯ ತರಗತಿಯ ಹಲಗೆಯ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಎಷ್ಟೋ ಸಲ ಕಲಿಸಿದ್ದೆ.

ಅಕ್ಕ-ತಂಗಿಯರು ದಿನಾ ನಾಲ್ಕು ಗಂಟೆಗೆ ಫೋನಿನಲ್ಲಿ ಮಾತಾಡುತ್ತಿದ್ದರು. ದೊಡ್ಡತ್ತೆಯ ಹತ್ತಿರ ಇದ್ದದ್ದು ಬಟನ್ ಫೋನ್. ಅದರಲ್ಲಿ ಎರಡನೆಯ ಬಟನ್ ಒತ್ತಿ ಹಿಡಿದರೆ ತಂಗಿಗೆ ಹೋಗುತ್ತದೆ, ಅದನ್ನು ಯಾರೋ ಕೂಡಿಸಿ ಕೊಟ್ಟಿದ್ದರು. ಅದರ ಆಚೆ ಅವರಿಗೆ ಫೋನಿನ ವಿದ್ಯೆ ಬರುತ್ತಿರಲಿಲ್ಲ, ಬೇಕೂ ಆಗಿರಲಿಲ್ಲ. ಮಾತಿನ ವಿಷಯ ಹೆಚ್ಚಾಗಿ ಸೊಸೆಯಂದಿರು. ನಾನು ಒಳಗೆ ಪೇಪರ್ ತಿದ್ದುತ್ತ ನನ್ನ ಬಗ್ಗೆ ನಾನೇ ಎಷ್ಟೋ ಹೊಸ ವಿಷಯ ತಿಳಿದುಕೊಂಡಿದ್ದೇನೆ. ಮಾತಲ್ಲದೆ ಇನ್ನೊಂದು ರೂಢಿಯೂ ಇತ್ತು. ಮಳೆಗಾಲದಲ್ಲಿ ಯಾವಾಗಲೋ ಅತ್ತೆಯ ಫೋನ್ ಒಂದು ಸಲ ಹೊಡೆದುಕೊಂಡು ನಿಲ್ಲುವುದು. ಅತ್ತೆಯೂ ತಿರುಗಿ ಒಂದು ಸಲ ಹೊಡೆದು ನಿಲ್ಲಿಸುವುದು. ಮಾತಿಲ್ಲ, ಕತೆಯಿಲ್ಲ. ಕರೆಗೆ ದುಡ್ಡು ಹೋಗುತ್ತಿದ್ದ ಕಾಲದ ಜಿಪುಣತನ ಇನ್ನೂ ಬಿಟ್ಟಿಲ್ಲ ಎಂದು ನಾನು ನಗುತ್ತಿದ್ದೆ. ಅದೇನೆಂದು ಒಂದು ದಿನವೂ ಕೇಳಲಿಲ್ಲ.

ಆ ನಾಲ್ಕು ಗಂಟೆಯ ಮಾತಿನಲ್ಲೇ ನನ್ನ ಬಣ್ಣ ಬಯಲಾಗತೊಡಗಿತು.

“ಅಕ್ಕಾ, ನಿಮ್ಮಲ್ಲಿ ಮಳಿ ಅದ ಏನು?” ಎಂದು ಅತ್ತೆ ಕೇಳುವುದು, ಇಲ್ಲ ಎಂದು ಅವರು ಹೇಳುವುದು, ಅತ್ತೆ ಬಾಗಿಲಿನಿಂದ ನನ್ನ ಕಡೆ ಒಂದು ನೋಟ ಎಸೆಯುವುದು. ಮೂರು ದಿನ ಇಂಥ ನೋಟ ತಿಂದ ಮೇಲೆ ನಾನು ಸೋತೆ. ಹಾಗಾದರೆ ಒಮ್ಮೆ ಒತ್ತಿ ಮುಗಿಸಿಬಿಡೋಣ, ಮುಗಿದ ಕೂಡಲೇ ನೆಲೋಗಿಗೆ ಹೋಗಿ ನಾಲ್ಕು ದಿನ ತಾಯಿಯ ಕೈಯ ಅಡುಗೆ ಉಂಡು ಬರೋಣ ಎಂದು ಲೆಕ್ಕ ಹಾಕಿದೆ. “ಇನ್ನ ಐದು ದಿನ ಮಳಿ ಇಲ್ಲರಿ ಅತ್ತಿ, ಪಕ್ಕಾ” ಎಂದೆ. ಅತ್ತೆ ಅದೇ ಗಳಿಗೆಯಲ್ಲಿ ಗೋಧಿ ನೆನೆಹಾಕಿದರು. ಅಕ್ಕನಿಗೂ ಹೇಳಿದರು. ಅಕ್ಕನೂ ನೆನೆಹಾಕಿದರು. ಎರಡು ಊರು, ಎರಡು ಪಾತ್ರೆ, ಒಂದು ನನ್ನ ನಾಲಿಗೆ.

ಒತ್ತುವ ದಿನ ಬೆಳಗಿನ ಜಾವ ಪಾತ್ರೆ ಕುದಿಯುತ್ತಿತ್ತು. ನಾನು ಒಲೆಯ ಮುಂದೆ ಕೂತು ಕುತೂಹಲಕ್ಕೆ ಫೋನಿನಲ್ಲಿ ಉಪಗ್ರಹದ ಚಿತ್ರ ನೋಡಿದೆ. ನಮ್ಮ ಊರಿನ ಮೇಲೆ ಏನೂ ಇರಲಿಲ್ಲ. ಗುಡ್ಡದ ಕಡೆ ಮಾತ್ರ ಒಂದು ಬಿಳಿ ಚುಕ್ಕೆ, ಅದರ ಆಚೆ ಇನ್ನೆರಡು. ಬೆಳಿಗ್ಗೆಯೇ ಅಲ್ಲಿ ತೇವ ಕೂತಿದೆ, ಬಿಸಿಲು ಕಲ್ಲು ಕಾಸಿದರೆ ಮಧ್ಯಾಹ್ನಕ್ಕೆ ಮೋಡ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ ಎಂದು ನನಗೆ ತಿಳಿಯಿತು. ಅದನ್ನು ತಿಳಿಯಲಿಕ್ಕೇ ನಾನು ಓದಿದ್ದು. ಅದೇ ಹೊತ್ತಿಗೆ ಅತ್ತೆ ಫೋನನ್ನು ನನ್ನ ಕಿವಿಗೆ ಹಿಡಿದರು. ಆ ಕಡೆ ದೊಡ್ಡತ್ತೆ.

“ಏನವ್ವಾ, ಹಾಕ್ಲೇನು? ಇಲ್ಲಿ ಜರಾ ಸೆಖಿ ಆಗಾಕತ್ತದ.”

ಬೇಡ ಎಂದರೆ ಅತ್ತೆಯೂ ನಿಲ್ಲಿಸುತ್ತಾರೆ. ಮೂರು ದಿನ ನೆನೆದ ಗೋಧಿ ನಾರುತ್ತದೆ, ಮತ್ತೆ ಮೊದಲಿನಿಂದ ಶುರು. ನೆಲೋಗಿಯ ಬಸ್ಸು ನನ್ನ ಕಣ್ಣ ಮುಂದೆಯೇ ಹೊರಟು ಹೋಯಿತು.

“ಹಾಕ್ರಿ ದೊಡ್ಡತ್ತಿ, ಏನೂ ಆಗಂಗಿಲ್ಲ” ಎಂದುಬಿಟ್ಟೆ.

ಮಧ್ಯಾಹ್ನ ಮೂರು ಗಂಟೆಗೆ ಗುಡ್ಡದ ಊರಿನ ಮೇಲೆ ಆಕಾಶ ಹರಿದು ಬಿತ್ತು. ಮಳೆ ಅರ್ಧ ತಾಸು ಮಾತ್ರ ಸುರಿಯಿತು, ಹಳ್ಳ ತುಂಬುವಷ್ಟಲ್ಲ, ಕುರಡಿಗಿ ಕರಗುವಷ್ಟು. ನಮ್ಮ ಮಾಳಿಗೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ನಮ್ಮ ಕುರಡಿಗಿ ಎರಡು ದಿನದಲ್ಲಿ ಒಣಗಿ ಮುಟ್ಟಿದರೆ ಮುರಿಯುವ ಹಾಗಾದವು. ದೊಡ್ಡತ್ತೆಯ ಕುರಡಿಗಿ ಗೋಡೆಯ ಮೇಲೆ ಬೆಳ್ಳಗೆ ಇಳಿದು ನಾಯಿಗಳ ಹೊಟ್ಟೆ ಸೇರಿದವು.

ಮಳೆ ಬಿದ್ದ ಆ ದಿನ ನಾಲ್ಕು ಗಂಟೆಯ ಫೋನಿನಲ್ಲಿ ದೊಡ್ಡತ್ತೆ ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿತು. “ನಿಮ್ಮ ಮನೀಗಿ ಒಂದು ಮಳಿ, ನಮ್ಮ ಮನೀಗಿ ಒಂದು ಮಳಿ ಮಾಡ್ಯಾಳ ನಿನ್ನ ಸೊಸಿ! ಬೇಕಂತಲೇ ಮಾಡ್ಯಾಳ!”

ಅತ್ತೆಗೂ ಸಿಟ್ಟು ನೆತ್ತಿಗೇರಿತು. “ಮಳಿ ಏನ್ ಆಕಿ ಸೆರಗಿನಾಗ ಕಟ್ಕೊಂಡಾಳೇನು? ನನ್ನ ಸೊಸಿಗಿ ಅನ್ನಬ್ಯಾಡ ನೀ” ಎಂದರು. ಓಣಿಯ ತುಂಬ ನನ್ನನ್ನು ಆಡಿಕೊಳ್ಳುವ ಅತ್ತೆ ಹೀಗೆ ನನ್ನ ಪರ ನಿಂತದ್ದು ಅದೇ ಮೊದಲು, ಅದೂ ನಾನು ತಪ್ಪು ಮಾಡಿದ ದಿನ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ದೊಡ್ಡತ್ತೆ ಕೊರಳಿನ ಲಿಂಗ ಹಿಡಿದು ಆಣೆ ಹಾಕಿದರಂತೆ, ಇನ್ನು ನಿಮ್ಮ ಮನೆಯವರ ಜೊತೆ ಬಾಯಿ ತೆರೆಯುವುದಿಲ್ಲ ಎಂದು. ಅತ್ತೆ ಆಣೆ ಹಾಕಲಿಲ್ಲ, ಆದರೆ ತಾನಾಗಿ ಮಾತಾಡಿಸುವುದಿಲ್ಲ ಎಂದು ಹಠ ಹಿಡಿದರು.

ನಾನು ಗೋಡೆಗೆ ಆತು ನಿಂತು ಎಲ್ಲವನ್ನೂ ಕೇಳಿದೆ. ಆಗಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಬಸ್ಸು ಹತ್ತಿ ನೆಲೋಗಿಗೆ ಹೋದೆ.

ತಿರುಗಿ ಬಂದ ಮೇಲೆ ಮೊದಮೊದಲು ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ನಾಲ್ಕು ಗಂಟೆಗೆ ನನ್ನ ಗುಣಗಾನ ಇಲ್ಲ. ಮನೆ ತಣ್ಣಗೆ. ಆದರೆ ಅತ್ತೆ ದಿನಾ ಅದೇ ಹೊತ್ತಿಗೆ ಫೋನ್ ಹಿಡಿದು ಕಟ್ಟೆಗೆ ಹೋಗಿ ಕೂರುತ್ತಿದ್ದರು. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದರು. ಐದು ಗಂಟೆಗೆ ಎದ್ದು ಒಳಗೆ ಬರುತ್ತಿದ್ದರು. ಒಂದು ದಿನ ನನ್ನ ಸಾರು ಉಂಡು, ಉಪ್ಪು ಹೆಚ್ಚಾಗಿದ್ದರೂ, ಏನೂ ಅನ್ನಲಿಲ್ಲ. ಹೇಳಿಕೊಳ್ಳಲು ಅಕ್ಕ ಇರಲಿಲ್ಲ, ಅದಕ್ಕೆ. ಅವತ್ತು ಕರಿದ ಕುರಡಿಗಿ ತಾಟಿನಲ್ಲಿತ್ತು, ನಾನು ಮುಟ್ಟಲಿಲ್ಲ.

ರಜೆ ಮುಗಿಯಲು ಒಂದು ವಾರ ಇತ್ತು. ಅತ್ತೆ ಕೌದಿ ಒಗೆಯಬೇಕೆಂದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿಗಳು ನೀರು ಕುಡಿದರೆ ಒಂದೊಂದೂ ಒಂದು ಆಳಿನ ಭಾರ. ಅವನ್ನು ಮನೆಯಲ್ಲಿ ಒಗೆಯಲಾಗದು. ಹಳ್ಳಕ್ಕೆ ಕಟ್ಟಿದ ಬಾಂದಾರದ ಹಿಂದೆ ಮೊಣಕಾಲುದ್ದ ನೀರು ನಿಂತಿರುತ್ತದೆ, ಅಲ್ಲಿಗೆ ಹೋಗಿ ತುಳಿದು ಒಗೆದು ಅಲ್ಲೇ ಬಂಡೆಗಳ ಮೇಲೆ ಒಣಗಿಸಿ ತರುವುದು.

“ಮಳಿ ಅದ ಏನು?” ಎಂದು ಕೇಳಿದರು.

ಈ ಸಲ ನಾನು ಬಹಳ ನಿಯತ್ತಿನಿಂದ ನೋಡಿದೆ. ಫೋನ್ ನಮ್ಮ ಊರಿಗೆ ಸೊನ್ನೆ ಎಂದಿತು. ಆಕಾಶವೂ ಸೊನ್ನೆ ಎಂದಿತು. “ಇಲ್ಲರಿ” ಎಂದೆ. ಗುಡ್ಡದ ಕಡೆ ನೋಡಲಿಲ್ಲ. ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ, ಯಾಕೆಂದು ಬೇರೆ ಹೇಳಬೇಕಿಲ್ಲ. ಅತ್ತೆ ಓಣಿಯ ಇಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು ಐದು ಕೌದಿ ಹೊತ್ತು ಹೋದರು. ಫೋನ್ ಚಾರ್ಜಿಗೆ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟು ಹೋಗಿದ್ದರು.

ಊಟ ಮಾಡಿ ಅಡ್ಡಾದೆ. ಗೂಡಿನಲ್ಲಿ ಫೋನ್ ಒಂದು ಸಲ ಹೊಡೆದುಕೊಂಡು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ. ಕಂಪನಿಯವರ ಕಾಟ ಎಂದು ಮಗ್ಗುಲು ಬದಲಿಸಿದೆ. ಮತ್ತೆ ಹೊಡೆಯಿತು. ನಿದ್ದೆಯ ನಡುವೆ ಎಷ್ಟು ಸಲವೋ. ಕೊನೆಗೆ ಬೈಯುತ್ತಾ ಎದ್ದು ಹೋಗಿ ನೋಡಿದರೆ ದೊಡ್ಡತ್ತೆಯ ನಂಬರು.

ಜಗಳದ ಎರಡನೆಯ ಕಂತು ಬಂತು ಎಂದುಕೊಂಡೆ. ಕೈಯಲ್ಲಿರುವಾಗಲೇ ಮತ್ತೆ ಹೊಡೆಯಿತು, ಎತ್ತಿದೆ. ಎತ್ತಿದ ಕೂಡಲೇ ಕಟ್ಟಾಯಿತು. ಮತ್ತೆ ಹೊಡೆಯಿತು, ಎತ್ತಿದೆ, ಕಟ್ಟಾಯಿತು. ಇದೇನು ಹುಡುಗಾಟ! ಜಗಳ ಆಡುವವರು ಯಾರಾದರೂ ಎತ್ತಿದ ಮೇಲೆ ಕಟ್ ಮಾಡುತ್ತಾರೆಯೇ? ನನಗೂ ರೇಗಿತು. ನಾನೇ ತಿರುಗಿ ಫೋನ್ ಹಚ್ಚಿದೆ. ಆ ಕಡೆ ಎತ್ತಿದರು. ಮಾತಿಲ್ಲ. “ದೊಡ್ಡತ್ತಿ?” ಎಂದೆ. ಮಾತಿಲ್ಲ. ಬರೀ ಒಂದು ಸದ್ದು, ಒಂದೇ ಸಮನೆ, ತಗಡಿನ ಪತ್ರಾದ ಮೇಲೆ ಯಾರೋ ಚೀಲಗಟ್ಟಲೆ ಕಡಲೆ ಸುರಿಯುತ್ತಿರುವ ಹಾಗೆ. ಅದರ ಹಿಂದೆ ಗುಡುಗು. ಆಮೇಲೆ ಕಟ್ಟಾಯಿತು.

ನನ್ನ ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿತ್ತು. ನನ್ನ ಫೋನ್ ಇನ್ನೂ ಸೊನ್ನೆಯನ್ನೇ ತೋರಿಸುತ್ತಿತ್ತು. ಅತ್ತೆಯ ಫೋನಿನಲ್ಲಿ ಹನ್ನೊಂದು ಮಿಸ್‌ಕಾಲ್ ಇದ್ದವು. ಮೊದಲನೆಯದು ಬಂದು ಒಂದು ತಾಸು ಮುಗಿಯುತ್ತ ಬಂದಿತ್ತು.

ಹಲಗೆಯ ಮೇಲೆ ನಾನೇ ಬರೆದ ಬಾಣದ ಗುರುತು ಆಗ ಬಂದು ನನಗೇ ಚುಚ್ಚಿತು. ಅತ್ತೆಯ ಫೋನ್ ಕಿತ್ತುಕೊಂಡು ಓಡಿದೆ. ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಊರ ಅಗಸಿ ಬಾಗಿಲ ಹತ್ತಿರ ಒಂದು ಚಪ್ಪಲಿ ಹೋಯಿತು. ಹೈಸ್ಕೂಲಿನ ಟೀಚರು ಒಂಟಿ ಚಪ್ಪಲಿಯಲ್ಲಿ ಓಡುವುದನ್ನು ನೋಡಿ ಕಟ್ಟೆಯ ಮೇಲಿನವರು, “ಯಾಕ್ರೀ ಮಳಿ ಬಾಯಿ, ಮಳಿ ಹಿಂಬಾಲ ಬಿದ್ದದೇನು?” ಎಂದು ನಕ್ಕರು. ನಾನು ನಿಲ್ಲಲಿಲ್ಲ.

ಬಾಂದಾರದ ಹಿಂದೆ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ಕೌದಿ ತುಳಿಯುತ್ತಿದ್ದರು. ಇನ್ನಿಬ್ಬರು ಹಿಂಡುತ್ತಿದ್ದರು. ಹಳ್ಳದ ನಡುವಿನ ಬಂಡೆಯ ಮೇಲೆ ಒಂದು ಕೌದಿ ಬಣ್ಣ ಬಣ್ಣವಾಗಿ ಒಣಗುತ್ತಿತ್ತು.

“ಮ್ಯಾಲ ಬರ್ರಿ ಅತ್ತಿ! ಜಲ್ದಿ! ಹಳ್ಳ ಬರಾಕತ್ತದ!”

ಅತ್ತೆ ನಿಧಾನಕ್ಕೆ ತಲೆ ಎತ್ತಿ ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಮತ್ತ ಚಾಲೂ ಮಾಡಿದ್ಯಾ? ಈ ಸಲ ಯಾವ ಕೆಲಸ ತಪ್ಪಿಸ್ಕೊಳ್ಳಾಕ?”

“ಅಲ್ಲರಿ, ಖರೇನೇ ಹೇಳಾಕತ್ತೇನಿ...”

“ಕುರಡಿಗಿ ಒತ್ತೋದು ಬ್ಯಾಡಂತ ಹದಿನೈದು ದಿನ ಮಳಿ ತರ್ಸಿದಾಕಿ ನೀ. ನೆಲೋಗಿಯಾಗ ಬಿತ್ತು, ಕರಜಗಿಯಾಗ ಬಿತ್ತು ಅಂತ ಫೋನಿನಾಗ ಒದರ್ತಿದ್ದಿ. ನನಗ ತಿಳೀತಿರಲಿಲ್ಲ ಅಂತ ಮಾಡಿದೇನು?”

ಆ ಇಬ್ಬರು ಹೆಂಗಸರು ಕೌದಿ ಹಿಂಡುವುದನ್ನು ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು, ಗೊತ್ತಿದ್ದೇ ಅಕ್ಕನೆದುರು ನನ್ನ ಪರ ನಿಂತಿದ್ದರು. ಈಗ ನಾನು ವಿಜ್ಞಾನ ಹೇಳಿದರೂ ನಡೆಯದು, ಅತ್ತರೂ ನಡೆಯದು. ನನ್ನ ಬಾಯಿಯಿಂದ ಬಂದ ಮಳೆಗೆ ಬೆಲೆಯೇ ಉಳಿದಿರಲಿಲ್ಲ. ಕೈಯಲ್ಲಿದ್ದ ಫೋನನ್ನು ಎತ್ತಿ ತೋರಿಸಿದೆ.

“ನಾ ಹೇಳಾಕತ್ತಿಲ್ಲರಿ. ದೊಡ್ಡತ್ತಿ ಮಿಸ್‌ಕಾಲ್ ಕೊಟ್ಟಾರ.”

ಅತ್ತೆಯ ಕಾಲು ನಿಂತಿತು. “ಎಷ್ಟು?”

“ಹನ್ನೊಂದು.”

“ಎತ್ತಿದ್ರ ಕಟ್ ಮಾಡಿದ್ಲೇನು?”

“ಹೌದ್ರಿ.”

ಅತ್ತೆ ಕಾಲ ಕೆಳಗಿನ ಕೌದಿಯನ್ನು ನೀರಿನಿಂದ ಎಳೆದು, “ನಡ್ರಿ, ನಡ್ರಿ, ಮ್ಯಾಲ ನಡ್ರಿ” ಎಂದು ಆ ಇಬ್ಬರನ್ನೂ ದಬ್ಬಿಕೊಂಡು ದಂಡೆ ಹತ್ತಿದರು. ಹತ್ತುತ್ತಲೇ ನನಗೆ ಬೈದರು. “ಅಕ್ಕ ಒಂದು ಹೊಡದ್ರ ಹಳ್ಳ ಬಂತು ಅಂತ ತಿಳೀಬೇಕು. ನಾ ತಿರುಗಿ ಒಂದು ಹೊಡದ್ರ ತಿಳೀತು ಅಂತ. ನಾ ಹೊಡೀಲಿಲ್ಲ, ಅದಕ್ಕ ಹನ್ನೊಂದು ಹೊಡದಾಳ. ಇಷ್ಟು ಓದಿ ಏನ್ ಮಾಡಿದಿ ಬೇ?”

ನಾಲ್ಕು ಕೌದಿ ಮೇಲೆ ಬಂದವು. ಐದನೆಯದು ನಡುವಿನ ಬಂಡೆಯ ಮೇಲಿತ್ತು. ಅತ್ತೆ ಅದನ್ನು ನೋಡಿ ಒಂದು ಹೆಜ್ಜೆ ಕೆಳಗಿಟ್ಟರು. ನಾನು ಅವರ ತೋಳು ಹಿಡಿದೆ. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವರನ್ನು ಹಾಗೆ ಗಟ್ಟಿಯಾಗಿ ಹಿಡಿದದ್ದು ಅದೇ ಮೊದಲು. “ಬಿಡು ಬೇ, ಅಕ್ಕ ಹೊಲ್ದು ಕೊಟ್ಟ ಕೌದಿ ಅದು” ಎಂದು ಕೊಸರಿದರು. ನಾನು ಬಿಡಲಿಲ್ಲ.

ದೂರದಲ್ಲಿ ಟ್ರ್ಯಾಕ್ಟರ್ ಬರುವ ಸದ್ದು ಕೇಳಿತು. ಆ ದಿಕ್ಕಿನಲ್ಲಿ ರಸ್ತೆ ಇಲ್ಲ ಎಂಬುದು ಆಮೇಲೆ ಹೊಳೆಯಿತು. ತಿರುವಿನಲ್ಲಿ ಮೊದಲು ಕಂಡದ್ದು ನೀರಲ್ಲ, ಕಸ. ಒಣ ಎಲೆ, ತೊಗರಿ ಕಟ್ಟಿಗೆ, ಯಾರದೋ ಪ್ಲಾಸ್ಟಿಕ್ ಕೊಡ, ಎಲ್ಲವೂ ಒಂದರ ಮೇಲೊಂದು ಉರುಳುತ್ತ, ನೊರೆ ಕಾರುತ್ತ ಬಂದವು. ಅವುಗಳ ಹಿಂದೆ ಮಣ್ಣು ಬಣ್ಣದ ನೀರು. ಬಂಡೆ ಇತ್ತು, ಮುಳುಗಿತು. ಬಾಂದಾರದ ಗೋಡೆ ಇತ್ತು, ಕಾಣಲಿಲ್ಲ. ಅತ್ತೆ ಕೌದಿ ತುಳಿಯುತ್ತಿದ್ದ ಜಾಗದಲ್ಲಿ ಒಂದು ಜಾಲಿಯ ಮರ ಬೇರು ಮೇಲೆ ಮಾಡಿಕೊಂಡು ಗಿರಗಿರ ತಿರುಗುತ್ತ ಹೋಯಿತು. ನಾವು ನಾಲ್ವರೂ ಬಿಸಿಲಿನಲ್ಲಿ ನಿಂತು ಬೆವರುತ್ತಿದ್ದೆವು. ಅತ್ತೆಯ ತೋಳು ಇನ್ನೂ ನನ್ನ ಕೈಯಲ್ಲಿಯೇ ಇತ್ತು.

ಕೌದಿ ಒಂದು ಸಲ ತಿರುವಿನಲ್ಲಿ ಮೇಲೆದ್ದು ಕಂಡಿತು, ಆಮೇಲೆ ಕಾಣಲಿಲ್ಲ.

ಫೋನ್ ಮತ್ತೆ ಹೊಡೆಯಿತು. ಅತ್ತೆ ಅದನ್ನು ಕಿತ್ತುಕೊಂಡು ಎತ್ತಿದರು. ಈ ಸಲ ಆ ಕಡೆ ಕಟ್ ಮಾಡಲಿಲ್ಲ. ಅವರೂ ಮಾತಾಡಲಿಲ್ಲ, ಇವರೂ ಮಾತಾಡಲಿಲ್ಲ. ಅತ್ತೆ ಕೈ ಚಾಚಿ ಫೋನನ್ನು ಹಳ್ಳದ ಕಡೆ ಹಿಡಿದರು. ಅಕ್ಕ ಕಳಿಸಿದ ನೀರಿನ ಸದ್ದನ್ನು ಅಕ್ಕನಿಗೇ ಕೇಳಿಸಿದರು. ಹಾಗೆ ಎಷ್ಟೋ ಹೊತ್ತು ಹಿಡಿದು, ಕೊನೆಗೆ ನನ್ನ ಕೈಗೆ ಕೊಟ್ಟರು.

“ಆಕಿ ಆಣಿ ಹಾಕ್ಯಾಳ. ನಾ ಹಠ ಹಿಡದೇನಿ. ನೀ ಏನೂ ಮಾಡಿಲ್ಲಲ್ಲ, ನೀ ಮಾತಾಡು.”

ಆ ಇಬ್ಬರು ಹೆಂಗಸರು ಹತ್ತಿರ ಸರಿದು ನಿಂತರು. ಇವತ್ತು ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಫೋನನ್ನು ಕಿವಿಗಿಟ್ಟುಕೊಂಡೆ. ಆ ಕಡೆ ಮಳೆ ನಿಂತಿತ್ತು, ಪತ್ರಾದಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು.

“ದೊಡ್ಡತ್ತಿ, ನಾನ್ರಿ. ಆ ದಿನ ನಿಮ್ಮ ಗುಡ್ಡದ ಮ್ಯಾಲ ಮೋಡ ಕಂಡಿತ್ತರಿ ನನಗ. ತವರಿಗಿ ಹೋಗಬೇಕಂತ ಹೇಳಲಿಲ್ಲ. ಅತ್ತಿಗಿ ಇದು ಗೊತ್ತಿದ್ದಿಲ್ಲರಿ. ನಿಮ್ಮ ಕುರಡಿಗಿ ತೊಯ್ಸಿದಾಕಿ ನಾನ್ರಿ.”

ಅತ್ತೆ ಸರಕ್ಕನೆ ನನ್ನ ಕಡೆ ತಿರುಗಿದರು. ಮೋಡದ ಸಂಗತಿ ಅವರಿಗೂ ಆಗಲೇ ತಿಳಿದದ್ದು. ನಾನು ಕಣ್ಣು ಕೆಳಗೆ ಹಾಕಿ ಒಂಟಿ ಚಪ್ಪಲಿಯನ್ನು ನೋಡುತ್ತ ನಿಂತೆ. ಆ ಕಡೆಯಿಂದ ದೊಡ್ಡತ್ತೆಯ ದನಿ ಬಂತು.

“ಕುರಡಿಗಿ ಹೋದ್ರ ಮತ್ತ ಒತ್ತಬಹುದು ಬೇ. ಆಕಿ ನೀರಿನಾಗಿಂದ ಹೊರಗ ಬಂದಾಳಿಲ್ಲೋ, ಅದು ಹೇಳು ಮೊದಲ.”

“ಬಂದಾರ್ರಿ. ಇಲ್ಲೇ ಬಾಜೂಕ ನಿಂತಾರ.”

“ಕೊಡು ಆಕಿ ಕೈಯಾಗ.”

ಲಿಂಗ ಹಿಡಿದು ಹಾಕಿದ ಆಣೆ ಮುರಿದದ್ದು ಅವರ ಗಮನಕ್ಕೆ ಬಂತೋ ಇಲ್ಲವೋ ನಾನು ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಫೋನ್ ಕೊಟ್ಟೆ. ಇಷ್ಟು ದಿನದ ಮೇಲೆ ಅಕ್ಕ-ತಂಗಿ ಮಾತಾಡುತ್ತಾರೆ, ಅಳುತ್ತಾರೆ ಎಂದುಕೊಂಡು ಸ್ವಲ್ಪ ದೂರ ಸರಿದು ನಿಂತೆ. ಅಂಥದ್ದೇನೂ ಆಗಲಿಲ್ಲ.

“ಹೂಂ... ಒಂದು ಹೋಯ್ತು. ನೀ ಹೊಲ್ದು ಕೊಟ್ಟಿದ್ದೇ... ಹೂಂ, ಹೋಗ್ಲಿ ಅಂದ್ರ ಹೋಗ್ಲಿ... ಯಾರಿಗಿ? ಈಕಿಗೇನು?” ಎನ್ನುತ್ತ ಅತ್ತೆ ಒದ್ದೆ ಸೀರೆಯಲ್ಲೇ ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ಅಳೆದು ನೋಡಿದರು. ಅವರ ಮುಖದ ಮೇಲೆ ನಗು ಏಳುತ್ತಿತ್ತು. “ಕಳಸ್ತೇನಿ ಅಕ್ಕಾ. ನಾಳಿಗೇ ಕಳಸ್ತೇನಿ. ನೀ ಗೋಧಿ ನೆನಿ ಹಾಕು, ಮೂರು ದಿನ ಆಕೀನೇ ನೀರು ಬದಲಾಸ್ಲಿ, ಆಕೀನೇ ಒತ್ಲಿ... ಏನು? ಆಕಿ ಮಳಿ ಅದ ಅಂದ್ರ? ಮಳಿ ಅದ ಅಂದ್ರೂ ಕಳಸ್ತೇನಿ.”